ಮನೆಯ ಕಂಪ್ಯೂಟರಿಗೆ ಯಾವ ಉಚಿತ ಆಂಟಿವೈರಸ್? ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ):

ಮಾನ್ಯರೇ, ನಮ್ಮ ಮನೆಯಲ್ಲಿ 2016ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10, 4 ಜಿಬಿ ರ್‍ಯಾಮ್. ಪಿಂಚಣಿಯ ಖಾತೆ ನೋಡುವುದು, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಲೇಖನ ಬರೆಯುವುದು, ಮಕ್ಕಳು ಕಳಿಸುವ ಫೋಟೋಗಳನ್ನು ಇಟ್ಟುಕೊಳ್ಳುವುದು, ಇಷ್ಟೇ ನಮ್ಮ ಬಳಕೆ. ರಜೆಯಲ್ಲಿ ಮೊಮ್ಮಗ ಬಂದಾಗ ಆಟಗಳನ್ನು ಹಾಕಿಕೊಳ್ಳುತ್ತಾನೆ. ಅಂಗಡಿಯವರು ಹಾಕಿಕೊಟ್ಟಿದ್ದ ಆಂಟಿವೈರಸ್‌ನ ಅವಧಿ ಮುಗಿದು ಬಹಳ ಕಾಲವಾಯಿತು. ಈಗ ಪರದೆಯ ಬಲಗಡೆ ಕೆಳಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ" ಎಂಬ ಎಚ್ಚರಿಕೆ ದಿನಕ್ಕೆ ಹಲವು ಬಾರಿ ಬರುತ್ತಿದೆ. ಉಚಿತವಾದ ಮೂರು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಿಕೊಳ್ಳಿ, ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ತಾವು ಏನು ಹೇಳುತ್ತೀರಿ?

ಉತ್ತರ:

ನಮಸ್ಕಾರ ಸರ್. ಮೊದಲಿಗೆ, ದಯವಿಟ್ಟು ಮೂರನ್ನು ಒಟ್ಟಿಗೆ ಹಾಕಬೇಡಿ. ಆಂಟಿವೈರಸ್ ಎಂಬುದು ನೀವು ತೆರೆಯುವ ಪ್ರತಿಯೊಂದು ಕಡತವನ್ನೂ ವಿಂಡೋಸ್‌ನ ಒಳಪದರದಲ್ಲಿ ತಡೆದು ನಿಲ್ಲಿಸಿ ಪರೀಕ್ಷಿಸುವ ತಂತ್ರಾಂಶ. ಸದಾ ಕಾವಲಿರುವ ಅಂಥ ಎರಡು ತಂತ್ರಾಂಶಗಳು ಒಂದೇ ಯಂತ್ರದಲ್ಲಿದ್ದರೆ ಒಂದೇ ಕಡತವನ್ನು ಎರಡೂ ತಡೆಯುತ್ತವೆ, ಒಂದು ಪ್ರತ್ಯೇಕಿಸಿಟ್ಟ ವೈರಸ್ಸನ್ನು ಇನ್ನೊಂದು ಹೊಸದಾಗಿ ಕಂಡುಹಿಡಿದಂತೆ ಕೂಗುತ್ತದೆ, ಮತ್ತು 4 ಜಿಬಿ ರ್‍ಯಾಮ್‌ನ ಯಂತ್ರವು ನುಡಿಯನ್ನು ತೆರೆಯುವುದಕ್ಕೂ ಒದ್ದಾಡುವ ಸ್ಥಿತಿಗೆ ಬರುತ್ತದೆ. ಸದಾ ಕಾವಲಿಗೆ ಒಂದು, ಬೇಕೆನಿಸಿದಾಗ ಮಾತ್ರ ಓಡಿಸಿ ನೋಡುವುದಕ್ಕೆ ಇನ್ನೊಂದು, ಇದೇ ಸರಿಯಾದ ಲೆಕ್ಕ.

ಆ ಸದಾ ಕಾವಲಿನ ತಂತ್ರಾಂಶ ನಿಮ್ಮಲ್ಲಿ ಈಗಾಗಲೇ ಇದೆ. ವಿಂಡೋಸ್ 8ರಿಂದ ಈಚೆಗೆ, ಅಂದರೆ 2012ರಿಂದ, ಮೈಕ್ರೋಸಾಫ್ಟ್‌ನ ಡಿಫೆಂಡರ್ ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿ ವಿಂಡೋಸ್‌ನೊಳಗೇ ಬರುತ್ತಿದೆ. ಮೊದಮೊದಲು ಅದು ದುರ್ಬಲವೆಂಬ ಮಾತು ನಿಜವೇ ಆಗಿತ್ತು. ಆದರೆ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಸ್ವತಂತ್ರ ಪರೀಕ್ಷಾ ಸಂಸ್ಥೆಗಳ ವರದಿಗಳನ್ನು ನೋಡಿದರೆ, ಕೆಲವು ವರ್ಷಗಳಿಂದ ಅದು ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲಿಯೇ ನಿಲ್ಲುತ್ತಿರುವುದು ಕಾಣುತ್ತದೆ. ಅದಕ್ಕೆ ಒಂದು ಕೊರತೆಯಿದೆ: ಹೊಸ ವೈರಸ್‌ಗಳನ್ನು ಗುರುತಿಸಲು ಅದು ಮೈಕ್ರೋಸಾಫ್ಟ್‌ನ ಸರ್ವರ್‌ಗಳನ್ನು ಬಹಳವಾಗಿ ನೆಚ್ಚಿಕೊಂಡಿರುವುದರಿಂದ, ಇಂಟರ್ನೆಟ್ ಇಲ್ಲದಿರುವಾಗ ಅದರ ಪತ್ತೆಯ ಶಕ್ತಿ ಕುಗ್ಗುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಇಂಟರ್ನೆಟ್ ದಿನಗಟ್ಟಲೆ ಕೈಕೊಡುತ್ತದೆಂದಾದರೆ, ಆ ದಿನಗಳಲ್ಲಿ ಬೇರೆಯವರ ಪೆನ್‌ಡ್ರೈವ್ ಹಾಕದಿರುವುದು ಒಳ್ಳೆಯದು.

ಈಗ ಮಾಡಬೇಕಾದ ಕೆಲಸವಿಷ್ಟು. ಅವಧಿ ಮುಗಿದ ಆ ಹಳೆಯ ಆಂಟಿವೈರಸ್ಸನ್ನು ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಿಂದ ಅನ್‌ಇನ್‌ಸ್ಟಾಲ್ ಮಾಡಿ. ಚೂರುಪಾರು ಉಳಿದರೆ, ಅದನ್ನು ಸಂಪೂರ್ಣ ತೆಗೆಯುವ ಪ್ರತ್ಯೇಕ ಉಪಕರಣವನ್ನು ಬಹುತೇಕ ಕಂಪನಿಗಳು ತಮ್ಮ ಜಾಲತಾಣದಲ್ಲಿಯೇ ಕೊಡುತ್ತವೆ. ಯಂತ್ರವನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಎಂಬಲ್ಲಿ ಡಿಫೆಂಡರ್ ಚಾಲನೆಯಲ್ಲಿದೆಯೇ ನೋಡಿ. ಬೇರೆ ಆಂಟಿವೈರಸ್ ಇರುವ ತನಕ ಡಿಫೆಂಡರ್ ತಾನಾಗಿ ಹಿಂದೆ ಸರಿದಿರುತ್ತದೆ, ಅದು ಹೋದ ಮೇಲೆ ತಾನಾಗಿ ಎದ್ದು ನಿಲ್ಲುತ್ತದೆ. ಅಲ್ಲಿಯೇ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬುದಿದೆ. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಡಿಸ್ಕನ್ನು ಪರೀಕ್ಷಿಸುವುದರಿಂದ, ಚಾಲನೆಯಲ್ಲಿರುವಾಗ ಅಡಗಿಕೊಳ್ಳುವ ಕಳ್ಳ ತಂತ್ರಾಂಶಗಳೂ ಸಿಕ್ಕಿಬೀಳುತ್ತವೆ. ತೆರೆದಿಟ್ಟ ಲೇಖನಗಳನ್ನು ಉಳಿಸಿಕೊಂಡು ಅದನ್ನು ಒಮ್ಮೆ ಓಡಿಸಿ. ಸುಮಾರು 15 ನಿಮಿಷ ಹಿಡಿಯುತ್ತದೆ.

ಎರಡನೆಯ ಅಭಿಪ್ರಾಯಕ್ಕಾಗಿ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯನ್ನು ಇಟ್ಟುಕೊಳ್ಳಬಹುದು. ಹಾಕುವಾಗ ಅದು 14 ದಿನಗಳ ಪ್ರೀಮಿಯಂ ಪ್ರಯೋಗವನ್ನು ಮುಂದಿಡುತ್ತದೆ. ಅದನ್ನು ಒಪ್ಪದಿದ್ದರೆ, ನೀವು ಗುಂಡಿ ಒತ್ತಿದಾಗ ಮಾತ್ರ ಹುಡುಕಿ ತೆಗೆಯುವ ಸಾಧನವಾಗಿ ಅದು ಸುಮ್ಮನಿರುತ್ತದೆ. ಡಿಫೆಂಡರ್ ಜೊತೆ ತಕರಾರಿಲ್ಲ.

ಇನ್ನು ಆ "ಐದು ವೈರಸ್‌ಗಳಿವೆ" ಎಂಬ ಎಚ್ಚರಿಕೆಯ ವಿಚಾರ. ನೀವು ಹೇಳಿದ ರೀತಿಯನ್ನು ನೋಡಿದರೆ ಅದು ಬಹುಮಟ್ಟಿಗೆ ಆಂಟಿವೈರಸ್‌ನಿಂದ ಬರುತ್ತಿರುವುದೇ ಅಲ್ಲ. ಯಾವುದೋ ಜಾಲತಾಣಕ್ಕೆ ಹೋದಾಗ "ನೋಟಿಫಿಕೇಶನ್ ಕಳಿಸಲು ಅನುಮತಿಸುವಿರಾ" ಎಂಬ ಕೇಳಿಕೆಗೆ ಯಾರೋ ಅಲೋ ಒತ್ತಿರುತ್ತಾರೆ. ಅಂದಿನಿಂದ ಆ ತಾಣ ಬ್ರೌಸರ್ ಮೂಲಕ ಹೆಸರಾಂತ ಆಂಟಿವೈರಸ್‌ಗಳ ಚಿಹ್ನೆ ಹಾಕಿಕೊಂಡು ಸುಳ್ಳು ಎಚ್ಚರಿಕೆಗಳನ್ನು ಕಳಿಸುತ್ತಲೇ ಇರುತ್ತದೆ. ಆ ಚೌಕವನ್ನು ಸೂಕ್ಷ್ಮವಾಗಿ ನೋಡಿ; ಅದರಲ್ಲಿ ಕ್ರೋಮ್ ಅಥವಾ ಎಡ್ಜ್ ಎಂಬ ಹೆಸರೋ ಅಪರಿಚಿತ ಜಾಲತಾಣದ ವಿಳಾಸವೋ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಚೌಕದ ಮೇಲೆ ಒತ್ತಬೇಡಿ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು, ಅನುಮತಿ ಪಡೆದಿರುವ ತಾಣಗಳ ಪಟ್ಟಿಯಲ್ಲಿ ನಿಮಗೆ ಗುರುತಿಲ್ಲದವನ್ನೆಲ್ಲ ತೆಗೆದುಹಾಕಿ. ಯಾವ ಆಂಟಿವೈರಸ್ಸನ್ನೂ ಹಾಕದೆಯೇ ಆ ಎಚ್ಚರಿಕೆಗಳು ಅಲ್ಲಿಗೇ ನಿಲ್ಲುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಹಿರಿಯರನ್ನು ಹೆದರಿಸಿ ಹಣ ಕೀಳುವ ಈ ವಿಧಾನದ ಬಗ್ಗೆ ನನಗೆ ನಿಜವಾದ ಸಿಟ್ಟಿದೆ.

ಪ್ರಶ್ನೆ (ಸದಸ್ಯೆ, ಮಂಗಳೂರು):

ಸರ್, ಡಿಫೆಂಡರ್ ಬಿಟ್ಟು ಬೇರೆ ಉಚಿತ ಆಂಟಿವೈರಸ್‌ಗಳು ಬೇಡವೇ ಬೇಡವೇ? ಅವಾಸ್ಟ್, ಎವಿಜಿ, ಬಿಟ್‌ಡಿಫೆಂಡರ್ ಎಂದು ಹಲವು ಹೆಸರುಗಳನ್ನು ಕೇಳುತ್ತೇವೆ.

ಉತ್ತರ:

ಬೇಡವೆಂದೇನಿಲ್ಲ ಮೇಡಂ. ಪತ್ತೆಹಚ್ಚುವ ಶಕ್ತಿಯಲ್ಲಿ ಇವೆಲ್ಲ ಗಟ್ಟಿ ತಂತ್ರಾಂಶಗಳೇ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಹಣ ತೆಗೆದುಕೊಳ್ಳದ ಕಂಪನಿ ತನ್ನ ಖರ್ಚನ್ನು ಎಲ್ಲಿಂದ ತುಂಬಿಕೊಳ್ಳುತ್ತದೆ? ಹೆಚ್ಚಿನವು ಹಣದ ಆವೃತ್ತಿಯನ್ನು ಕೊಳ್ಳಿರೆಂದು ಮತ್ತೆ ಮತ್ತೆ ನೆನಪಿಸುತ್ತವೆ. ಅದು ಕಿರಿಕಿರಿ, ಅಪಾಯವಲ್ಲ. ಅವಾಸ್ಟ್‌ನ ಪ್ರಕರಣ ಮಾತ್ರ ಇದಕ್ಕಿಂತ ಮುಂದೆ ಹೋಗಿತ್ತು. ಬಳಕೆದಾರರು ಯಾವ ಜಾಲತಾಣಗಳಿಗೆ ಹೋಗುತ್ತಾರೆಂಬ ಮಾಹಿತಿಯನ್ನು ಅದು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, 2020ರ ಜನವರಿಯಲ್ಲಿ ಆ ಸಂಸ್ಥೆಯನ್ನು ಮುಚ್ಚಬೇಕಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ 1.65 ಕೋಟಿ ಡಾಲರ್ ಹೊರಿಸಿ, ಅಂಥ ಮಾಹಿತಿಯನ್ನು ಜಾಹೀರಾತಿಗಾಗಿ ಮಾರುವುದನ್ನು ನಿಷೇಧಿಸಿತು. ಕಾವಲಿಗೆಂದು ಕರೆದುಕೊಂಡವನೇ ಮನೆಯ ಮಾತನ್ನು ಪೇಟೆಯಲ್ಲಿ ಮಾರಿದಂತೆ ಅದು. ಈಗ ಆ ವ್ಯವಹಾರ ನಿಂತಿದೆ. ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯ ಅಡಿಯಲ್ಲಿವೆ. ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಕಂಪನಿ ಬದಲಾಯಿತೆಂದು ತಿಳಿಯಬೇಕಾಗಿಲ್ಲ.

ಡಿಫೆಂಡರ್ ಬೇಡವೆನ್ನುವವರಿಗೆ ನಾನು ರೊಮೇನಿಯಾದ ಬಿಟ್‌ಡಿಫೆಂಡರ್‌ನ ಉಚಿತ ಆವೃತ್ತಿಯನ್ನು ಸೂಚಿಸುತ್ತೇನೆ. ಅದರಲ್ಲಿ ಆಯ್ಕೆಗಳು ಕಡಿಮೆ, ಗೊಂದಲವೂ ಕಡಿಮೆ. ಅದನ್ನು ಬಳಸಲು ಇಮೇಲ್ ವಿಳಾಸ ಕೊಟ್ಟು ಖಾತೆ ತೆರೆಯಬೇಕು. ಯಾವುದನ್ನೇ ಆರಿಸಿಕೊಂಡರೂ ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲ್ಭಾಗದಲ್ಲಿ ಬರುವ ಜಾಹೀರಾತಿನ ಕೊಂಡಿಗಳನ್ನು ಬಿಟ್ಟು ಕೆಳಗೆ ಬನ್ನಿ, ಮತ್ತು ಇನ್‌ಸ್ಟಾಲ್ ಮಾಡುವಾಗ ಜೊತೆಗೆ ಬರುವ ಬ್ರೌಸರ್, ಕ್ಲೀನರ್ ಮುಂತಾದವುಗಳ ಮುಂದಿನ ಟಿಕ್ ಗುರುತನ್ನು ತೆಗೆಯಿರಿ.

ಪ್ರಶ್ನೆ (ಸದಸ್ಯರು, ನ್ಯೂಜೆರ್ಸಿ):

ಮೈಸೂರಿನಲ್ಲಿರುವ ಅಪ್ಪ ಅಮ್ಮನ ಲ್ಯಾಪ್‌ಟಾಪಿನಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ರಷ್ಯಾದ ಆಂಟಿವೈರಸ್ ಇದೆ. ಇಲ್ಲಿ ಅದನ್ನು ನಿಷೇಧಿಸಿದ್ದಾರೆ. ಅಲ್ಲಿಯೂ ತೆಗೆಸಬೇಕೇ?

ಉತ್ತರ:

ಅಮೆರಿಕದ ವಾಣಿಜ್ಯ ಇಲಾಖೆ 2024ರ ಜೂನ್‌ನಲ್ಲಿ ಆ ನಿಷೇಧವನ್ನು ಪ್ರಕಟಿಸಿತು. ಅಲ್ಲಿನ ಬಳಕೆದಾರರಿಗೆ ಅಪ್‌ಡೇಟ್‌ಗಳು ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ನಿಂತವು. ಅದಕ್ಕೆ ಕೊಟ್ಟ ಕಾರಣ ರಷ್ಯಾ ಸರ್ಕಾರದ ಪ್ರಭಾವದ ಭಯ; ವೈರಸ್ ಹಿಡಿಯುವುದರಲ್ಲಿ ಲೋಪವೆಂಬ ಕಾರಣ ಅದಾಗಿರಲಿಲ್ಲ. ಆ ಆದೇಶ ಭಾರತಕ್ಕೆ ಅನ್ವಯವಾಗುವುದಿಲ್ಲ. ಮೈಸೂರಿನ ಲ್ಯಾಪ್‌ಟಾಪಿನಲ್ಲಿ ಅದು ಅಪ್‌ಡೇಟ್ ಪಡೆಯುತ್ತಿದ್ದರೆ ಗಾಬರಿಪಡುವ ಅಗತ್ಯವಿಲ್ಲ. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ತೆಗೆದು ಡಿಫೆಂಡರ್‌ಗೆ ಮರಳಿ.

ಪ್ರಶ್ನೆ (ಡಿಟಿಪಿ ಕೇಂದ್ರ ನಡೆಸುವವರು, ಹುಬ್ಬಳ್ಳಿ):

ಸರ್, ನಮ್ಮಲ್ಲಿಗೆ ಬರುವ ಗ್ರಾಹಕರ ಪೆನ್‌ಡ್ರೈವ್‌ಗಳಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಸ್ಕ್ಯಾನ್ ಮಾಡಿದರೆ ಆಂಟಿವೈರಸ್ ಶಾರ್ಟ್‌ಕಟ್ ತೆಗೆಯುತ್ತದೆ, ಆಮೇಲೆ ಪೆನ್‌ಡ್ರೈವ್ ಖಾಲಿ ಕಾಣುತ್ತದೆ. ಗ್ರಾಹಕರು ನಮ್ಮ ಮೇಲೆ ರೇಗುತ್ತಾರೆ.

ಉತ್ತರ:

ಕಡತಗಳು ಹೋಗಿರುವುದಿಲ್ಲ ಸರ್, ಅಡಗಿರುತ್ತವೆ. ಆ ವೈರಸ್ ನಿಜವಾದ ಫೋಲ್ಡರ್‌ಗಳಿಗೆ ಹಿಡನ್ ಮತ್ತು ಸಿಸ್ಟಮ್ ಎಂಬ ಎರಡು ಗುಣಗಳನ್ನು ಹಚ್ಚಿ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. ಗ್ರಾಹಕರು ಶಾರ್ಟ್‌ಕಟ್ ಒತ್ತಿದಾಗ ಮೊದಲು ವೈರಸ್ ಓಡಿ, ಆಮೇಲೆ ಫೋಲ್ಡರ್ ತೆರೆಯುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಫೋಲ್ಡರ್ ಆಪ್ಷನ್ಸ್‌ನ ವ್ಯೂ ವಿಭಾಗದಲ್ಲಿ ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿ, ಜೊತೆಗೆ ಆಪರೇಟಿಂಗ್ ಸಿಸ್ಟಮ್‌ನ ಸಂರಕ್ಷಿತ ಕಡತಗಳನ್ನು ಮರೆಮಾಡುವ ಆಯ್ಕೆಯ ಟಿಕ್ಕನ್ನೂ ತೆಗೆಯಬೇಕು. ಎರಡನೆಯದನ್ನು ಬಿಟ್ಟರೆ ಏನೂ ಕಾಣುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲಿಯೇ. ಆಗ ಹಳೆಯ ಫೋಲ್ಡರ್‌ಗಳು ಮಸುಕಾಗಿ ಕಾಣುತ್ತವೆ. ಸ್ಕ್ಯಾನ್ ಮುಗಿಸಿ, ಬೇಕಾದ ಕಡತಗಳನ್ನು ಬೇರೆ ಕಡೆಗೆ ನಕಲು ಮಾಡಿಕೊಂಡು, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಕೊಡಿ.

ನಿಮ್ಮಂಥ ಕೇಂದ್ರಗಳಿಗೆ ಪೆನ್‌ಡ್ರೈವ್ ಬದಲು ಇಮೇಲ್‌ನಲ್ಲಿ ಪಿಡಿಎಫ್ ತರಿಸಿಕೊಳ್ಳುವುದೇ ಸುರಕ್ಷಿತ. ನಮ್ಮ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸಂಸ್ಥೆಯಾದ ಸಿಇಆರ್‌ಟಿ-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ವೈರಸ್ ತೆಗೆಯುವ ಉಚಿತ ಉಪಕರಣಗಳಿವೆ. ಅಲ್ಲಿಯೇ ಸರ್ಕಾರದ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ರೂಪಿಸಿದ ಯುಎಸ್‌ಬಿ ಪ್ರತಿರೋಧ್ ಎಂಬುದನ್ನೂ ಕೊಟ್ಟಿದ್ದಾರೆ. ಕಂಪ್ಯೂಟರಿಗೆ ಚುಚ್ಚುವ ಪೆನ್‌ಡ್ರೈವ್‌ಗಳನ್ನು ನಿಯಂತ್ರಿಸುವುದೇ ಅದರ ಉದ್ದೇಶ.

ಪ್ರಶ್ನೆ (ಮತ್ತೆ ತೀರ್ಥಹಳ್ಳಿಯ ಶಿಕ್ಷಕರು):

ತಾವು ಹೇಳಿದಂತೆ ನೋಟಿಫಿಕೇಶನ್‌ಗಳನ್ನು ತೆಗೆದೆ, ಎಚ್ಚರಿಕೆಗಳು ನಿಂತವು. ಬಹಳ ಉಪಕಾರವಾಯಿತು. ಆದರೆ ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ ಎನ್ನುತ್ತಾರಲ್ಲ, ಒಳ್ಳೆಯ ಆಂಟಿವೈರಸ್ ಇದ್ದರೆ ಸಾಲದೇ?

ಉತ್ತರ:

ಸಾಲದು ಸರ್, ಮತ್ತು ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ್‍ಯಾನ್‌ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ಒಳನುಗ್ಗಿದ್ದು ವಿಂಡೋಸ್‌ನಲ್ಲಿದ್ದ ಒಂದು ದೋಷದ ಮೂಲಕ, ಮತ್ತು ಆ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲಿಯೇ ತೇಪೆಯನ್ನು, ಅಂದರೆ ದೋಷವನ್ನು ಮುಚ್ಚುವ ಅಪ್‌ಡೇಟನ್ನು, ಕೊಟ್ಟಿತ್ತು. ಆಗ ಬೆಂಬಲದಲ್ಲಿದ್ದ ವಿಂಡೋಸ್‌ಗಳಲ್ಲಿ ಅಪ್‌ಡೇಟ್ ಹಾಕಿಕೊಂಡವರಿಗೆ ಆ ದಾರಿ ಮುಚ್ಚಿತ್ತು, ಹಾಕದವರಿಗೆ ತೆರೆದಿತ್ತು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರ್‌ಗೆ ವೈರಸ್ ಗುರುತುಗಳನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಇದನ್ನು ಕೇಳಿ ಇನ್ನೂ ಸಮಯವಿದೆ ಎಂದುಕೊಳ್ಳುವವರಿದ್ದಾರೆ. ಗುರುತುಗಳು ಬೇರೆ, ತೇಪೆಗಳು ಬೇರೆ: ಗುರುತುಗಳು ವೈರಸ್ಸನ್ನು ಹಿಡಿಯಲು, ತೇಪೆಗಳು ವಿಂಡೋಸ್‌ನ ದೋಷವನ್ನೇ ಮುಚ್ಚಲು. ತೇಪೆಗಳಿಗಾಗಿ ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್ ಎಂಬ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಲು ಒಪ್ಪಿದರೆ ಹಣ ಕೊಡದೆಯೇ ಸೇರಬಹುದು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ಅದರ ಕೊಂಡಿ ಕಾಣುತ್ತದೆ.

ಅದರ ಮುಂದಿನ ದಾರಿಯನ್ನೂ ಈಗಲೇ ಯೋಚಿಸಿ. 2016ರ ಯಂತ್ರದ ಪ್ರೊಸೆಸರ್ ವಿಂಡೋಸ್ 11 ಕೇಳುವ ಪಟ್ಟಿಯಲ್ಲಿ ಇರುವುದಿಲ್ಲ. ಇಂಟೆಲ್ ಆದರೆ ಅದು ಬಹುಪಾಲು ಎಂಟನೆಯ ಪೀಳಿಗೆಯಿಂದೀಚಿನದನ್ನು ಕೇಳುತ್ತದೆ. ಪಿಂಚಣಿಯ ಖಾತೆ ನೋಡುವ ಯಂತ್ರವಾದ್ದರಿಂದ, ಅಪ್‌ಡೇಟ್ ನಿಂತ ವಿಂಡೋಸ್‌ನಲ್ಲಿ ಬ್ಯಾಂಕಿನ ಕೆಲಸ ಮುಂದುವರಿಸಬೇಡಿ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಂಡರೆ ಹಳೆಯ ಯಂತ್ರ ಇನ್ನೂ ಕೆಲವು ವರ್ಷ ನಡೆಯುತ್ತದೆ, ಆದರೆ ನುಡಿಯಲ್ಲಿ ಬರೆದ ಹಳೆಯ ಲೇಖನಗಳನ್ನು ಮೊದಲು ಎಲ್ಲ ಕಂಪ್ಯೂಟರುಗಳಲ್ಲೂ ಓದಬಹುದಾದ ಯೂನಿಕೋಡ್ ಅಕ್ಷರಗಳಿಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ಫೋಟೋ ಮತ್ತು ಲೇಖನಗಳ ಬಗ್ಗೆ ಒಂದು ಮಾತು. ವಿಂಡೋಸ್ ಸೆಕ್ಯುರಿಟಿಯಲ್ಲಿ ರ್‍ಯಾನ್‌ಸಮ್‌ವೇರ್ ಪ್ರೊಟೆಕ್ಷನ್ ಎಂಬಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಇದೆ. ಸಾಮಾನ್ಯವಾಗಿ ಅದು ಆಫ್ ಆಗಿರುತ್ತದೆ. ಆನ್ ಮಾಡಿದರೆ ಗುರುತಿಲ್ಲದ ತಂತ್ರಾಂಶಗಳು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಮುಟ್ಟದಂತೆ ತಡೆಯುತ್ತದೆ. ನುಡಿಯಂಥ ಹಳೆಯ ತಂತ್ರಾಂಶ ಲೇಖನವನ್ನು ಉಳಿಸಲಾಗದೆ ನಿಂತರೆ, ಅದನ್ನು ಅನುಮತಿಯ ಪಟ್ಟಿಗೆ ಸೇರಿಸಿ. ಇದೆಲ್ಲ ಇದ್ದರೂ ಹೊರಗಿನ ಹಾರ್ಡ್ ಡಿಸ್ಕ್ ಒಂದಕ್ಕೆ ಎಲ್ಲವನ್ನೂ ನಕಲು ಮಾಡಿ, ನಕಲಾದ ಮೇಲೆ ಅದನ್ನು ಕಂಪ್ಯೂಟರಿನಿಂದ ಕಳಚಿ ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟ ಡಿಸ್ಕಿಗೂ ರ್‍ಯಾನ್‌ಸಮ್‌ವೇರ್ ಬೀಗ ಹಾಕುತ್ತದೆ.

ಮೊಮ್ಮಗನಿಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸ್ಟ್ಯಾಂಡರ್ಡ್ ಖಾತೆಯೊಂದನ್ನು ಮಾಡಿಕೊಡಿ. ಹಣದ ಆಟಗಳನ್ನು ಪುಕ್ಕಟೆ ಕೊಡುವ ಕ್ರ್ಯಾಕ್‌ಗಳು "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ಸೂಚಿಸುತ್ತವೆ. ಹುಡುಗರು ಅದನ್ನು ಪಾಲಿಸಿದ ಮೇಲೆ ಯಾವ ಕಂಪನಿಯ ಆಂಟಿವೈರಸ್ಸೂ ಏನೂ ಮಾಡಲಾರದು. ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನೂ, ಅಂದರೆ ಅದು ಪರೀಕ್ಷಿಸದೆ ಬಿಡುವ ಫೋಲ್ಡರ್‌ಗಳ ಪಟ್ಟಿಯನ್ನೂ, ಒಮ್ಮೆ ನೋಡಿ. ನೀವು ಸೇರಿಸದ ಫೋಲ್ಡರ್ ಅಲ್ಲಿದ್ದರೆ ಮೊದಲು ಪಟ್ಟಿಯಿಂದ ತೆಗೆದು, ಆಮೇಲೆ ಸ್ಕ್ಯಾನ್ ಮಾಡಿ.

ಪ್ರಶ್ನೆ (ಸದಸ್ಯೆ, ದಾವಣಗೆರೆ):

ಸರ್, ನಿನ್ನೆ ಇಂಥದೇ ಎಚ್ಚರಿಕೆಯಲ್ಲಿದ್ದ ನಂಬರಿಗೆ ನಮ್ಮ ಮಾವನವರು ಫೋನ್ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್ ಹಾಕಿಕೊಟ್ಟಿದ್ದಾರೆ. ಆಂಟಿವೈರಸ್ ಏನನ್ನೂ ಹೇಳಲಿಲ್ಲ. ಈಗ ಏನು ಮಾಡಲಿ?

ಉತ್ತರ:

ಎನಿಡೆಸ್ಕ್ ದೂರದಿಂದ ಕಂಪ್ಯೂಟರ್ ನಡೆಸಲು ಕಚೇರಿಗಳು ದಿನವೂ ಬಳಸುವ ನ್ಯಾಯವಾದ ತಂತ್ರಾಂಶ, ಆದ್ದರಿಂದ ಆಂಟಿವೈರಸ್ ಸುಮ್ಮನಿತ್ತು. ತಡ ಮಾಡಬೇಡಿ ಮೇಡಂ. ಮೊದಲು ವೈಫೈ ಆರಿಸಿ, ಇಲ್ಲವೇ ತಂತಿ ಕಿತ್ತು ಇಂಟರ್ನೆಟ್ ತಪ್ಪಿಸಿ. ಬ್ಯಾಂಕಿನ ಪಾಸ್‌ಬುಕ್ ಅಥವಾ ಕಾರ್ಡಿನ ಹಿಂದೆ ಇರುವ ನಂಬರಿಗೆ ಫೋನ್ ಮಾಡಿ ನೆಟ್ ಬ್ಯಾಂಕಿಂಗ್ ಮತ್ತು ಕಾರ್ಡನ್ನು ತಡೆಹಿಡಿಸಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅಲ್ಲಿ ದೂರು ಬೇಗ ದಾಖಲಾದಷ್ಟೂ ಹಣ ಮುಂದಿನ ಖಾತೆಗಳಿಗೆ ಹಾರುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರಿನಿಂದಲ್ಲ, ನಿಮ್ಮ ಫೋನಿನಿಂದ ಬದಲಿಸಿ. ಇಷ್ಟಾದ ಮೇಲೆ ಎನಿಡೆಸ್ಕನ್ನೂ, ನಿನ್ನೆಯ ದಿನಾಂಕದಲ್ಲಿ ಬಂದಿರುವ ಬೇರೆ ತಂತ್ರಾಂಶಗಳನ್ನೂ ತೆಗೆದು, ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಅವರು ಎಷ್ಟು ಹೊತ್ತು ಒಳಗಿದ್ದರೆಂಬುದು ತಿಳಿಯದಿದ್ದರೆ, ಬೇಕಾದ ಕಡತಗಳನ್ನು ತೆಗೆದಿಟ್ಟುಕೊಂಡು ವಿಂಡೋಸ್ಸನ್ನು ಹೊಸದಾಗಿ ಹಾಕಿಸುವುದೇ ಸರಿ.

ಮಾವನವರನ್ನು ಯಾರೂ ಬೈಯಬೇಡಿ. ಅವರು ಮಾತನಾಡಿದ ನಂಬರು, ಹೊತ್ತು, ಒತ್ತಿದ ಗುಂಡಿಗಳು ಎಲ್ಲವೂ ದೂರಿಗೆ ಬೇಕಾಗುತ್ತವೆ. ಹೆದರಿದವರು ಅವನ್ನು ಹೇಳದೆ ಮುಚ್ಚಿಟ್ಟುಕೊಳ್ಳುತ್ತಾರೆ. ಏನಾಯಿತೆಂದು ಸಂಜೆಯೊಳಗೆ ಇಲ್ಲಿ ತಿಳಿಸಿ.