ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರ್: ರೇಡಿಯೇಷನ್ ಡಾಕ್ಟರನ್ನು ಕೇಳಿ

ಅಡ್ಮಿನ್: ಇವತ್ತಿನ ವಿಷಯ ಎಸ್‌ಬಿಆರ್‌ಟಿ. ಗಂಟಿಗಷ್ಟೇ ಗುರಿಯಿಟ್ಟು, ಕೆಲವೇ ಸಿಟಿಂಗ್‌ನಲ್ಲಿ ಜೋರು ಡೋಸ್ ಕೊಡುವ ರೇಡಿಯೇಷನ್. ಪ್ರಶ್ನೆ ಚಿಕ್ಕದಾಗಿರಲಿ.

ಹಾಸನ: ನಮಸ್ಕಾರ ಮೇಡಂ. ಅಮ್ಮನಿಗೆ 61. ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಈಗ ಶ್ವಾಸಕೋಶದಲ್ಲಿ ಎರಡು ಗಂಟು, ಬೇರೆಲ್ಲೂ ಇಲ್ಲ. ಒಂದು ಅಂಚಿನಲ್ಲಿದೆ, ಇನ್ನೊಂದು ದೊಡ್ಡ ಶ್ವಾಸನಾಳದ ಪಕ್ಕದಲ್ಲೇ. ಎಸ್‌ಬಿಆರ್‌ಟಿ ಮಾಡೋಣ ಅಂದಿದ್ದಾರೆ. ರಿಪೋರ್ಟಿನ ಕೊನೆಯಲ್ಲಿ ಐಎಲ್‌ಡಿ ಅಂತಿದೆ. ಏನದು?

ಡಾಕ್ಟರ್: ನನಗೆ ಗಂಟಿಗಿಂತ ಆ ಐಎಲ್‌ಡಿಯೇ ಚಿಂತೆ. ಶ್ವಾಸಕೋಶದ ಒಳಭಾಗ ಕಲೆಗಟ್ಟಿ ಬಿಗಿಯಾಗುವ ಕಾಯಿಲೆ ಅದು. ಅಂಥವರಿಗೆ ರೇಡಿಯೇಷನ್ ಕೊಟ್ಟರೆ ಉರಿಯೂತ ಜೋರಾಗಿ ಜೀವಕ್ಕೇ ಅಪಾಯ ಆಗಬಹುದು. ಪ್ಲಾನಿಂಗ್ ಮಾಡುವವರಿಗೆ ಇದು ಗೊತ್ತಿದೆಯಾ ಅಂತ ನಾಳೆಯೇ ಕೇಳಿ. ಶ್ವಾಸಕೋಶ ತಜ್ಞರಿಗೆ ತೋರಿಸಿ ಪಿಎಫ್‌ಟಿ, ಅಂದರೆ ಶ್ವಾಸಕೋಶ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ನೋಡುವ ಪರೀಕ್ಷೆ, ಮಾಡಿಸಿ.

ಅಂಚಿನ ಗಂಟಿಗೆ 54 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಡೋಸನ್ನು ಮೂರೇ ಸಿಟಿಂಗ್‌ನಲ್ಲಿ ಕೊಡುವುದುಂಟು. ಶ್ವಾಸನಾಳದಿಂದ 2 ಸೆಂ.ಮೀ. ಒಳಗಿದ್ದರೆ ಹಾಗೆ ಕೊಡುವುದಿಲ್ಲ. ಅಲ್ಲಿ ತೀವ್ರ ತೊಂದರೆ ಜಾಸ್ತಿ ಅಂತ 2006ರಲ್ಲೇ ಅಮೆರಿಕದ ಅಧ್ಯಯನ ತೋರಿಸಿತು. ಐದು, ಎಂಟು ಸಿಟಿಂಗ್‌ಗೆ ಹಂಚುತ್ತೇವೆ. ಗಂಟಿಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮಾಬ್ ಇಂಜೆಕ್ಷನ್ ನಡೀತಿದ್ದರೆ ಹೇಳಲೇಬೇಕು, ರಕ್ತಸ್ರಾವದ ಭಯ ಇರುತ್ತದೆ. ಉಸಿರಿನ ಜೊತೆ ಗಂಟು ಎಷ್ಟು ಅಲ್ಲಾಡುತ್ತದೆ ಅಂತ 4ಡಿ ಸಿಟಿಯಲ್ಲಿ ನೋಡುತ್ತಾರಾ, ಅದನ್ನೂ ಕೇಳಿ.

ಲಾಭ ಇಲ್ಲವೆಂದಲ್ಲ. 2019ರಲ್ಲಿ ಪ್ರಕಟವಾದ ಸೇಬರ್-ಕಾಮೆಟ್ ಅಧ್ಯಯನದಲ್ಲಿ 99 ರೋಗಿಗಳಿದ್ದರು. ಮಧ್ಯಮ ಆಯುಸ್ಸು ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಲ್ಲಿ 28 ತಿಂಗಳು, ಜೊತೆಗೆ ಇಂಥ ರೇಡಿಯೇಷನ್ನೂ ಪಡೆದವರಲ್ಲಿ 41 ತಿಂಗಳು. ಆದರೆ ಚಿಕಿತ್ಸೆಯಿಂದಲೇ ಮೂವರು ತೀರಿಕೊಂಡರು. ಆದ್ದರಿಂದ ಆತುರ ಬೇಡ.

ದಾವಣಗೆರೆ: ಕೂದಲು ಉದುರುತ್ತಾ ಮೇಡಂ?

ಡಾಕ್ಟರ್: ಎದೆಗೆ ಕೊಟ್ಟರೆ ತಲೆಗೂದಲು ಉದುರುವುದಿಲ್ಲ.

ತುಮಕೂರು: ತಂದೆಗೆ ಸಿಟಿಂಗ್ ಮುಗಿದು ಮೂರು ತಿಂಗಳು. ಸ್ಕ್ಯಾನ್‌ನಲ್ಲಿ ಗಂಟು ದೊಡ್ಡದಾದ ಹಾಗಿದೆ. ಒಣಕೆಮ್ಮೂ ಇದೆ.

ಡಾಕ್ಟರ್: ಸುತ್ತಲಿನ ಉರಿಯೂತವೂ ಗಂಟಿನ ಹಾಗೇ ಕಾಣುತ್ತದೆ. ಹಳೆ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡಬೇಕು. ಕೆಮ್ಮಿಗೆ ಮಾತ್ರ ಕಾಯಬೇಡಿ, ನ್ಯುಮೊನೈಟಿಸ್, ಅಂದರೆ ರೇಡಿಯೇಷನ್‌ನಿಂದ ಶ್ವಾಸಕೋಶಕ್ಕೆ ಬರುವ ಉರಿಯೂತ, ಇರಬಹುದು. ಸ್ಟೆರಾಯ್ಡ್ ಬೇಕಾಗಬಹುದು. ಮೆಡಿಕಲ್ ಶಾಪಿನ ಸಿರಪ್ ಕುಡಿಸುತ್ತಾ ಕೂರಬೇಡಿ.

ಮೈಸೂರು: ಫಾರ್ವರ್ಡ್ ಬಂದಿದೆ, ನೋಡಿ. ಲಕ್ಷ್ಮಣಫಲದ ಎಲೆ ಕಷಾಯ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿಯಂತೆ!

ಡಾಕ್ಟರ್: ಎಷ್ಟನೇ ಸಲ ಇದು? ಲ್ಯಾಬ್‌ನಲ್ಲಿ ಜೀವಕೋಶಗಳ ಮೇಲೆ ಮಾಡಿದ ಪ್ರಯೋಗವನ್ನು ಹಿಗ್ಗಿಸಿದ ಕಥೆ. ಮನುಷ್ಯರಲ್ಲಿ ವಾಸಿಯಾಗಿದ್ದಕ್ಕೆ ಪುರಾವೆ ಇಲ್ಲ. ಚಿಕಿತ್ಸೆ ಬಿಟ್ಟು ಇದನ್ನು ಕುಡಿಸಿದರೆ ಇರುವ ಸಮಯವೂ ಹೋಗುತ್ತದೆ. ಅಡುಗೆ ಸೋಡಾ, ನಿಂಬೆಹಣ್ಣಿನದ್ದು ಬಂದಿದ್ದರೆ ಅದನ್ನೂ ಹಾಕಬೇಡಿ.

ಮೈಸೂರು: ನಮ್ಮ ಸೋದರತ್ತೆಗೆ ಗುಣ ಆಗಿದೆ. ನಿಮಗೆ ಮೆಷಿನ್ ಓಡಿದರೆ ಸಾಕು ಅಲ್ವಾ?

ಹುಬ್ಬಳ್ಳಿ: ಅಲ್ರೀ, ಅವರು ಕೀಮೋನೂ ತಗೊಂಡಿದ್ದರು ಅಂತ ಹೋದ ವಾರ ನೀವೇ ಬರೆದಿದ್ದಿರಿ.

ಮೈಸೂರು: ಕೀಮೋ ಎರಡೇ ಸಲ. ಕಷಾಯ ಆರು ತಿಂಗಳು.

ಹುಬ್ಬಳ್ಳಿ: ಹಂಗಾರ ಕೀಮೋ ಸುಮ್ನೆ ಟೈಂಪಾಸಿಗೇನ್ರೀ?

ಮಂಗಳೂರು: ಮಾರಾಯ್ರೇ, ಜಗಳ ಬೇರೆ ಕಡೆ ಮಾಡಿ. ಎಸ್‌ಬಿಆರ್‌ಟಿಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತದಾ?

ಬೆಳಗಾವಿ: ರೇಡಿಯೇಷನ್ ಆದವರ ಹತ್ತಿರ ಮಗು ಬಿಡಬಹುದಾ?

ಡಾಕ್ಟರ್: ಬಿಡಬಹುದು. ಹೊರಗಿನಿಂದ ಬೀಳುವ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಥೈರಾಯ್ಡ್ ಕ್ಯಾನ್ಸರ್‌ಗೆ ಕೊಡುವ ವಿಕಿರಣದ ಅಯೋಡಿನ್ ಬೇರೆ, ಅದು ಕೆಲವು ದಿನ ಮೈಯಲ್ಲೇ ಇರುತ್ತದೆ.

ಕೋಲಾರ: ಕೂದಲು ಉದುರುತ್ತಾ?

ಡಾಕ್ಟರ್: ಮೇಲೆ ಓದಿ.

ಮೈಸೂರು: ನೆಟ್ಟಗೆ ಉತ್ತರ ಕೊಡಕ್ಕೇನು ಕಷ್ಟ?

ಹುಬ್ಬಳ್ಳಿ: ಓದಾಕ ನಿಮಗೇನು ಕಷ್ಟ?