ಉಪಗ್ರಹ ‘ಉಡಾಯಿಸಿದರು’ ಎಂದರೆ ಹಾರಿಸಿದ್ದೋ, ಒಡೆದದ್ದೋ?

ಗೆಳೆಯರೇ,

‘ಉಡಾಯಿಸು’ ಅನ್ನೋ ಕ್ರಿಯಾಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಇಲ್ಲಿ ಕಾರವಾರದ ನಮ್ಮ ಶಾಲೆಯಲ್ಲಿ ಮಕ್ಕಳಿಂದ ಗೋಡೆಪತ್ರಿಕೆ ಮಾಡಿಸುತ್ತಿದ್ದೇವೆ. ವಿಷಯ, ದೇಶದ ರಕ್ಷಣೆಗೆ ಬಳಸುವ ಉಪಗ್ರಹಗಳು. ಮಕ್ಕಳು ಅಲ್ಲಿ ಇಲ್ಲಿ ಓದಿ ಬರೆದು ತಂದ ಸಾಲುಗಳಲ್ಲಿ ಇವೆರಡೂ ಇದ್ದವು: ‘2019ರ ಜನವರಿಯಲ್ಲಿ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಉಡಾಯಿಸಲಾಯಿತು’. ‘2019ರ ಮಾರ್ಚ್‌ನಲ್ಲಿ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಉಡಾಯಿಸಲಾಯಿತು’. ಒಂದೇ ಉಪಗ್ರಹವನ್ನು ಎರಡು ಸಲ ಯಾಕೆ ಕಳಿಸಿದರು ಸರ್, ಅಂತ ಒಬ್ಬ ಹುಡುಗಿ ಕೇಳಿದಳು.

ಎರಡೂ ಸಾಲು ಸರಿ, ಅದೇ ತಮಾಷೆ. ಜನವರಿ 24ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ44 ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಮಾರ್ಚ್ 27ರಂದು ಒಡಿಶಾ ತೀರದ ಅಬ್ದುಲ್ ಕಲಾಂ ದ್ವೀಪದಿಂದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಬಿಟ್ಟ ಕ್ಷಿಪಣಿ ಅದನ್ನು ಒಡೆದು ಹಾಕಿತು. ‘ಮಿಷನ್ ಶಕ್ತಿ’ ಅಂದರೆ ಇದೇ. ಹುಟ್ಟಿಗೂ ಸಾವಿಗೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಸಿಕ್ಕ ಉಪಗ್ರಹ ಇನ್ನೊಂದು ಇರಲಿಕ್ಕಿಲ್ಲ.

ಈ ಪದ ಹಿಂದಿ, ಮರಾಠಿ ಕಡೆಯಿಂದ ಬಂದದ್ದು. ಅಲ್ಲೂ ಹಾರಿಸುವುದಕ್ಕೂ ಸ್ಫೋಟಿಸುವುದಕ್ಕೂ ಅದೇ. ಕನ್ನಡಕ್ಕೆ ಬಂದ ಮೇಲೆ ಇನ್ನಷ್ಟು ಕೆಲಸ ವಹಿಸಿಕೊಂಡಿದೆ. ಸೇತುವೆ ಉಡಾಯಿಸಿದರು, ಅಪ್ಪನ ಆಸ್ತಿ ಉಡಾಯಿಸಿದ, ಯಾರದೋ ಬೈಕ್ ಉಡಾಯಿಸಿದ, ನಾನು ಹೇಳಿದ್ದನ್ನು ಉಡಾಯಿಸಿಬಿಟ್ಟ. ನಮ್ಮ ಕರಾವಳಿಯಲ್ಲಿ ಮತ್ತೊಂದು ತೊಡಕಿದೆ. ಕೊಂಕಣಿಯಲ್ಲಿ ‘ಉಡಯ್’ ಅಂದರೆ ಎಸೆ, ಬಿಸಾಡು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳೇ ನಮ್ಮಲ್ಲಿ ಜಾಸ್ತಿ. ಅಷ್ಟು ದುಡ್ಡು ಸುರಿದು ಮಾಡಿದ್ದನ್ನು ಬಿಸಾಡಿದರೇ ಅಂತ ಅವರು ನಕ್ಕರೆ ತಪ್ಪಿಲ್ಲ.

ಗಮನಿಸಿ, ‘ಉಡಾವಣೆ’ಗೆ ಈ ತೊಂದರೆ ಇಲ್ಲ. ‘ಸೇತುವೆಯ ಉಡಾವಣೆ’ ಅಂತ ಯಾರೂ ಬರೆಯುವುದಿಲ್ಲ. ನಾಮಪದ ರಾಕೆಟ್ಟಿಗೆ ಮೀಸಲಾಗಿ ಗಟ್ಟಿಯಾಗಿ ಕೂತಿದೆ. ಗಲಾಟೆ ಮಾಡುತ್ತಿರುವುದು ಕ್ರಿಯಾಪದ ಮಾತ್ರ. ಹಾಗಾಗಿ ‘ಉಡಾವಣೆ’ ಇರಲಿ, ‘ಉಡಾಯಿಸು’ ಬೇಡ ಅನ್ನುವುದು ನನ್ನ ವಾದ. ಅದರ ಜಾಗಕ್ಕೆ ಏನು ಬರಬೇಕು ಅನ್ನುವುದೇ ಚರ್ಚೆ.

ಹಡಗಿನ ಮಾತು ಇಲ್ಲಿ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಸೀಬರ್ಡ್ ನೌಕಾನೆಲೆ ಇರುವ ಊರಿನವರಿಗೆ ಇದು ಹೊಸದಲ್ಲ. ಹಡಗನ್ನು ಮೊದಲು ಕಟ್ಟುತ್ತಾರೆ, ಆಮೇಲೆ ನೀರಿಗಿಳಿಸುತ್ತಾರೆ, ಎಷ್ಟೋ ಕಾಲದ ನಂತರ ನೌಕಾಪಡೆಗೆ ಸೇರಿಸಿಕೊಳ್ಳುತ್ತಾರೆ. ಕೊಚ್ಚಿಯಲ್ಲಿ ಕಟ್ಟಿದ ವಿಮಾನವಾಹಕ ನೌಕೆ ವಿಕ್ರಾಂತ್ ನೀರಿಗಿಳಿದದ್ದು 2013ರ ಆಗಸ್ಟ್ 12ರಂದು, ಸೇವೆಗೆ ಸೇರಿದ್ದು 2022ರ ಸೆಪ್ಟೆಂಬರ್ 2ರಂದು. ನಡುವೆ ಒಂಬತ್ತು ವರ್ಷ. ಎರಡಕ್ಕೂ ‘ಲೋಕಾರ್ಪಣೆ’ ಅಂತ ಒಂದೇ ಪದ ಬರೆದರೆ ಆ ಒಂಬತ್ತು ವರ್ಷದ ಕೆಲಸವೇ ಕಾಣಿಸುವುದಿಲ್ಲ. (ಯುದ್ಧನೌಕೆಯನ್ನು ಲೋಕಕ್ಕೆ ಅರ್ಪಿಸುವುದೇನು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದು ಬೇರೆ ವಿಷಯ, ಬಿಡಿ.)

2013ರ ಅದೇ ಆಗಸ್ಟ್‌ನ 30ರಂದು ನೌಕಾಪಡೆಯ ಜಿಸ್ಯಾಟ್-7 ಹೋಯಿತು. ರುಕ್ಮಿಣಿ ಅಂತ ಕರೆಯುತ್ತಾರಲ್ಲ, ಅದು. ‘ರುಕ್ಮಿಣಿಯನ್ನು ಇಸ್ರೋ ಉಡಾಯಿಸಿತು’ ಅಂತ ಒಂದು ಮಗು ಬರೆದಿತ್ತು. ಕಟ್ಟಿದ್ದು ಇಸ್ರೋ ಹೌದು. ಆದರೆ ಅದನ್ನು ಹೊತ್ತೊಯ್ದದ್ದು ಅರಿಯಾನ್-5 ರಾಕೆಟ್, ಅದೂ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ. ಎರಡೂವರೆ ಟನ್ನಿಗೂ ಜಾಸ್ತಿ ತೂಕ, ಆಗ ನಮ್ಮ ರಾಕೆಟ್ಟುಗಳಿಗೆ ಅಷ್ಟು ಹೊರುವ ಶಕ್ತಿ ಇರಲಿಲ್ಲ. ಇನ್ನು ರಾಕೆಟ್ ಅದನ್ನು ನೇರವಾಗಿ ಕೊನೆಯ ಜಾಗಕ್ಕೆ ಮುಟ್ಟಿಸುವುದೂ ಇಲ್ಲ. ನಡುದಾರಿಯ ಉದ್ದುದ್ದ ಕಕ್ಷೆಯಲ್ಲಿ ಬಿಟ್ಟು ಅದರ ಕೆಲಸ ಮುಗಿಯುತ್ತದೆ. ಆಮೇಲೆ ಹಾಸನದ ನಿಯಂತ್ರಣ ಕೇಂದ್ರದವರು ಉಪಗ್ರಹದ್ದೇ ಎಂಜಿನ್ ಉರಿಸಿ, ಕೆಲವು ದಿನ ಹಂತ ಹಂತವಾಗಿ ಏರಿಸಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಕೂರಿಸುತ್ತಾರೆ. ನಡುಸಮುದ್ರದ ಹಡಗುಗಳು ಅದರ ಮೂಲಕ ಮಾತಾಡುವುದು ಅಲ್ಲಿಂದ ಮುಂದೆ. 2025ರ ನವೆಂಬರ್ 2ರಂದು ಹೋದ ಸಿಎಂಎಸ್-03 ಕೂಡ ನೌಕಾಪಡೆಗೇ. 4,410 ಕಿಲೋ ತೂಗುವ ಅದನ್ನು ಶ್ರೀಹರಿಕೋಟಾದಿಂದಲೇ ನಮ್ಮ ಎಲ್‌ವಿಎಂ3 ರಾಕೆಟ್ ಒಯ್ದಿತು. ಕೊನೆಯ ಜಾಗಕ್ಕೆ ಏರಿಸುವ ಕೆಲಸ ಮಾತ್ರ ಆಗಲೂ ಹಾಸನದ್ದೇ.

ಹಾಗಾಗಿ ನಾನು ಸದ್ಯಕ್ಕೆ ಮಕ್ಕಳಿಗೆ ಹೀಗೆ ಹೇಳಿಕೊಟ್ಟಿದ್ದೇನೆ: ರಾಕೆಟ್ ಹಾರಿಸುತ್ತೇವೆ, ಉಪಗ್ರಹವನ್ನು ಕಕ್ಷೆಗೆ ಸೇರಿಸುತ್ತೇವೆ, ಪರೀಕ್ಷೆ ಮುಗಿದ ಮೇಲೆ ಬಳಕೆಗೆ ತರುತ್ತೇವೆ. ‘ಉಪಗ್ರಹ ಹಾರಿಸಿದರು’ ಅಂತ ಬರೆದರೆ ಅಷ್ಟೇನೂ ಕೆಡುವುದಿಲ್ಲ, ಆದರೆ ಹಾರಿದ್ದು ರಾಕೆಟ್ ಅಲ್ವಾ?

ಒಡೆಯುವ ಕಡೆಯ ಪದವೂ ಪೂರ್ತಿ ಸರಿಹೋಗಿಲ್ಲ. ಪತ್ರಿಕೆಗಳ ‘ಹೊಡೆದುರುಳಿಸು’ ವಿಮಾನಕ್ಕೆ ಸರಿ, ಅದು ಕೆಳಗೆ ಬೀಳುತ್ತದೆ. ಉಪಗ್ರಹ ಹಾಗೆ ದೊಪ್ಪಂತ ಉರುಳುವುದಿಲ್ಲ. ಅದರ ಚೂರುಗಳು ಅಲ್ಲೇ ಸುತ್ತುತ್ತಿರುತ್ತವೆ. ಮಿಷನ್ ಶಕ್ತಿಯನ್ನು ಸುಮಾರು 300 ಕಿ.ಮೀ. ಎತ್ತರದಲ್ಲಿ ಮಾಡಿದ್ದು ಇದೇ ಕಾರಣಕ್ಕೆ. ಅಷ್ಟು ಕೆಳಗಾದರೆ ಅಲ್ಲಿರುವ ತೆಳು ಗಾಳಿ ಚೂರುಗಳ ವೇಗ ತಗ್ಗಿಸಿ ಕೆಳಗೆಳೆದು ಸುಟ್ಟುಹಾಕುತ್ತದೆ. 2007ರಲ್ಲಿ ಚೀನಾ ತನ್ನದೊಂದು ಹಳೆಯ ಹವಾಮಾನ ಉಪಗ್ರಹವನ್ನು 800 ಕಿ.ಮೀ.ಗಿಂತ ಮೇಲೆ ಒಡೆಯಿತು. ಆ ಚೂರುಗಳಲ್ಲಿ ಸಾವಿರಾರು ಇನ್ನೂ ಸುತ್ತುತ್ತಿವೆ, ಉರುಳಿಲ್ಲ. ‘ಸ್ಫೋಟಿಸು’ ಕೂಡ ಬೇಡ. ನಮ್ಮ ಕ್ಷಿಪಣಿ ಮದ್ದು ಸಿಡಿಸಿ ಕೊಂದದ್ದಲ್ಲ, ನೇರ ಹೋಗಿ ಗುದ್ದಿತು, ಆ ವೇಗವೇ ಸಾಕಾಯಿತು. ‘ಡಿಕ್ಕಿ ಹೊಡೆದು ಪುಡಿ ಮಾಡಿತು’ ಅಂತ ನಾನು ಬರೆಸಿದೆ. ನಮ್ಮ ಹೆಡ್‌ಮಾಸ್ತರರಿಗೆ ‘ಡಿಕ್ಕಿ’ ಹಿಡಿಸಲಿಲ್ಲ, ಲಾರಿ ಅಪಘಾತದ ಸುದ್ದಿ ಇದ್ದ ಹಾಗಿದೆಯಂತೆ. ನನಗೇನೋ ಅದೇ ಸರಿ ಅನ್ನಿಸುತ್ತದೆ.

ಇನ್ನೊಂದು ಸಣ್ಣ ಪ್ರಶ್ನೆ. ‘ಕಣ್ಗಾವಲು ಉಪಗ್ರಹ’ ಚೆಂದದ ಪದ. ‘ವಿಚಕ್ಷಣ’ಕ್ಕಿಂತ ಎಷ್ಟೋ ಮೇಲು. 2009ರ ರೀಸ್ಯಾಟ್-2ಕ್ಕೂ ಅದನ್ನೇ ಬಳಸಿದ್ದೇವೆ. ಅದು ನೋಡುತ್ತಿದ್ದದ್ದು ರೇಡಾರ್‌ನಿಂದ, ಮೋಡ ಕವಿದರೂ ರಾತ್ರಿಯಾದರೂ ಅಡ್ಡಿಯಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಬರೀ ಕ್ಯಾಮೆರಾ ಇಟ್ಟುಕೊಂಡರೆ ಮೋಡದ ಬೆನ್ನಷ್ಟೇ ಕಂಡೀತು. ಇಲ್ಲಿ ‘ಕಣ್ಣು’ ಅನ್ನುವುದನ್ನು ಸ್ವಲ್ಪ ಎಳೆದರೂ ನಡೆಯುತ್ತದೆ. ಆದರೆ 2019ರ ಏಪ್ರಿಲ್ 1ರಂದು ಹೋದ ಎಮಿಸ್ಯಾಟ್ ನೋಡುವುದೇ ಇಲ್ಲ, ಕೇಳುತ್ತದೆ. ಬೇರೆಯವರ ರೇಡಾರ್‌ಗಳು ಹೊರಡಿಸುವ ಅಲೆಗಳನ್ನು ಹಿಡಿಯುತ್ತದೆ. ಇಸ್ರೋ ಇದನ್ನು ‘ವಿದ್ಯುತ್ಕಾಂತೀಯ ಅಲೆಗಳನ್ನು ಅಳೆಯಲು’ ಅಂತ ಸುಮ್ನೆ ಹೇಳಿ ಮುಗಿಸಿತು. ಪತ್ರಿಕೆಗಳು ‘ಬೇಹುಗಾರಿಕೆ’ ಅಂದವು. ಬೇಹು ಅಂದರೆ ನೋಡುವವರೂ ಬಂದರು, ಕೇಳುವವರೂ ಬಂದರು. ಕೇಳುವುದಕ್ಕಷ್ಟೇ ಒಂದು ಪದ ಬೇಕು. ‘ಕಿವಿಗಾವಲು’ ಅಂದರೆ ನಗು ಬರುತ್ತದಾ? ‘ಆಲಿಕೆ ಉಪಗ್ರಹ’ ಅನ್ನಬಹುದಾ? ಶಿರಸಿ, ಯಲ್ಲಾಪುರ ಕಡೆಯವರು ಮರೆಯಲ್ಲಿ ನಿಂತು ಕೇಳುವುದಕ್ಕೆ ಬೇರೆ ಮಾತೇನಾದರೂ ಆಡುತ್ತೀರಾ? ಇದ್ದರೆ ಈ ವಾರದೊಳಗೆ ತಿಳಿಸಿ, ಆ ಹಾಳೆಯಲ್ಲಿ ತಲೆಬರಹಕ್ಕೆ ಜಾಗ ಬಿಡಿಸಿದ್ದೇನೆ.