ಪದಚರ್ಚೆ: ಕಂಪ್ಯೂಟರ್ ‘ಕ್ರ್ಯಾಶ್’ ಆದರೆ ಕನ್ನಡದಲ್ಲಿ ಅದಕ್ಕೆ ಏನಾಯಿತು ಅನ್ನೋಣ?

ಗೆಳೆಯರೇ,

ಒಂದು ಪದದ ದೆಸೆಯಿಂದ ನಾನು ಹೊಸ ಹಾರ್ಡ್ ಡಿಸ್ಕ್ ಕೊಳ್ಳುವುದರಲ್ಲಿದ್ದೆ, ಸ್ವಲ್ಪದರಲ್ಲಿ ತಪ್ಪಿತು. ಅದಕ್ಕೇ ಈ ಪ್ರಶ್ನೆ.

ಮುಂಬಯಿಯ ಗೋರೆಗಾಂವ್‌ನಲ್ಲಿ ಜುಲೈ ತಿಂಗಳ ಬಿಡದ ಮಳೆ. ಗೋಡೆಯಲ್ಲಿ ತೇವ, ಡಬ್ಬಿಯ ಹಪ್ಪಳ ಮೆತ್ತಗೆ. ಮನೆಯ ಡೆಸ್ಕ್‌ಟಾಪ್‌ಗೂ ಏನೋ ಆಯಿತು. ರಿಪೇರಿಯವನಿಗೆ ಫೋನ್ ಮಾಡಿ ನನ್ನ ಮರಾಠಿಯಲ್ಲಿ ‘ಕಂಪ್ಯೂಟರ್ ಕ್ರ್ಯಾಶ್ ಝಾಲಾ’ ಅಂದೆ. ಅವನು ನೋಡುವ ಮೊದಲೇ ಹೊಸ ಡಿಸ್ಕಿನ ರೇಟು ಹೇಳಿದ. ಅವನ ತಪ್ಪಲ್ಲ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲೂ ನಾನು ‘ಕ್ರ್ಯಾಶ್’ ಕೇಳಿರುವುದು ಜಾಸ್ತಿ ಡಿಸ್ಕಿನ ಮಾತಿನಲ್ಲೇ. ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಓದುವ ತಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ತಟ್ಟೆಗೆ ತಗುಲಿ ಗೀರಿತೋ, ಅಲ್ಲಿ ನಿಜವಾಗಿಯೂ ಏನೋ ಅಪ್ಪಳಿಸಿದೆ. ನನ್ನ ಯಂತ್ರದಲ್ಲಿ ಏನೂ ಅಪ್ಪಳಿಸಿರಲಿಲ್ಲ.

ಹೆಂಡತಿ ಧಾರವಾಡದವಳು, ಅವಳಿಗೆ ಅದು ‘ಬಂದ್ ಬಿತ್ತು’. ನಾನು ಉಡುಪಿ ಕಡೆಯವ, ನನಗೆ ‘ಹಾಳಾಯಿತು’. ಅವಳ ಮಾತು ಮರಾಠಿಯ ‘ಬಂದ್ ಪಡ್ಲಾ’ದ ಜೊತೆಗಾರ, ಮತ್ತು ನನ್ನದಕ್ಕಿಂತ ಚುರುಕು. ಬಂದ್ ಮಾಡಿದೆ ಅಂದರೆ ನಾನೇ ನಿಲ್ಲಿಸಿದೆ. ಬಂದ್ ಬಿತ್ತು ಅಂದರೆ ತಾನಾಗಿ ನಿಂತಿತು. ನನ್ನ ‘ಹಾಳಾಯಿತು’ವಿನಲ್ಲಿ ಎಲ್ಲ ಮುಗಿದೇ ಹೋಯಿತು ಅನ್ನುವ ಧಾಟಿ. ಅರ್ಧ ಗಂಟೆ ಬಿಟ್ಟು ಅದೇ ಯಂತ್ರ ಚೆನ್ನಾಗಿ ಓಡಿದರೆ ನಾನು ಸುಳ್ಳುಗಾರ. ‘ಕೈಕೊಟ್ಟಿತು’ ಚೆಂದದ ಮಾತು. ಆದರೆ ಮುಂಬಯಿಗೆ ಬಂದ ಹೊಸದರಲ್ಲಿ ಅದನ್ನು ಹಾಗೇ ಮರಾಠಿ ಮಾಡಿ ‘ಹಾತ್ ದಿಲಾ’ ಅಂದು ನಗೆಪಾಟಲಾಗಿದ್ದೇನೆ. ಮರಾಠಿಯವರಿಗೆ ಅದು ನೆರವಿಗೆ ಬಂತು ಅಂತ! ಪತ್ರಿಕೆಗಳ ‘ಕುಸಿತ’ ಷೇರುಪೇಟೆಗೂ ಸೇತುವೆಗೂ ಇರಲಿ.

ನನ್ನ ತಕರಾರು ಇಷ್ಟೇ: ಕ್ರ್ಯಾಶ್‌ಗೆ ಒಂದೇ ಕನ್ನಡ ಪದ ಹುಡುಕುವುದು ಬೇಡ. ಆಗುವುದು ಬೇರೆ ಬೇರೆ, ಕಾರಣಗಳೂ ಬೇರೆ.

ಪರದೆ ಹಾಗೇ ನಿಂತು, ಮೌಸಿನ ಬಾಣ ಅಲ್ಲಾಡದೆ ಇದ್ದರೆ ಎಲ್ಲರೂ ‘ಹ್ಯಾಂಗ್’ ಅನ್ನುತ್ತೇವೆ. ನನ್ನ ಅಮ್ಮ ಇದಕ್ಕೆ ‘ಗರ ಬಡಿದವರ ಹಾಗೆ ಕೂತಿದೆ’ ಅಂದಿದ್ದರು. ಗರ ಅಂದರೆ ಗ್ರಹ. ಜೀವ ಇದೆ, ಆದರೆ ಕರೆದರೆ ಓಗೊಡುವುದಿಲ್ಲ. ಆಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ಪುಟ್ಟ ದೀಪ ಹತ್ತಿ ಆರಿದರೆ ನಾಡಿ ಮಿಡಿಯುತ್ತಿದೆ, ಸ್ವಲ್ಪ ಕಾಯಬಹುದು. ಇಲ್ಲವಾದರೆ ಗರ ಬಲವಾಗಿಯೇ ಬಡಿದಿದೆ. ಇನ್ನು ಯಂತ್ರ ಸರಿಯಿದ್ದು ಬ್ರೌಸರ್ ಮಾತ್ರ ಮಾಯವಾದರೆ ‘ಮುಚ್ಚಿಕೊಂಡಿತು’ ಸಾಕು. ಮನುಷ್ಯರಿಗೆ ಹೇಳಿದರೆ ಅದು ಬೈಗುಳ, ಅಲ್ವಾ? ಬ್ರೌಸರ್‌ಗೆ ಬೇಸರವಿಲ್ಲ.

ನನಗೆ ತುಂಬ ಹಿಡಿಸಿದ್ದು ‘ಆರಿತು’. ಮೇ ತಿಂಗಳ ಸೆಕೆಯಲ್ಲಿ ನಮ್ಮ ಯಂತ್ರ ಕೆಲಸದ ನಡುವೆ ತಟಕ್ಕನೆ ಕಪ್ಪಾಗುತ್ತಿತ್ತು. ಪೆಟ್ಟಿಗೆ ಬಿಚ್ಚಿದರೆ ಪ್ರೊಸೆಸರಿನ ಫ್ಯಾನಿಗೆ ಧೂಳಿನ ಕಂಬಳಿ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಮೊದಲು ವೇಗ ತಗ್ಗಿಸುತ್ತದೆ, ಆಮೇಲೂ ಬಿಸಿ ಏರಿದರೆ ಸುಟ್ಟುಹೋಗದಿರಲಿ ಅಂತ ಯಂತ್ರವನ್ನೇ ನಿಲ್ಲಿಸುತ್ತದೆ. ಕನ್ನಡದಲ್ಲಿ ದೀಪ ಆರುತ್ತದೆ, ಕಾಫಿಯೂ ಆರುತ್ತದೆ. ಬಿಸಿಯಾಗಿ ಆರಿತು, ಆರಿದ ಮೇಲೆ ಹತ್ತಿತು. ಏನಾಯಿತು, ಯಾಕಾಯಿತು, ಎರಡೂ ಒಂದೇ ಕ್ರಿಯಾಪದದಲ್ಲಿ ಬಂತು ನೋಡಿ. ಒದ್ದೆ ಕೂದಲು ಆರುವುದೂ ಅದೇ ಪದದಿಂದ, ಆದರೆ ನಮ್ಮ ಮಳೆಗಾಲದಲ್ಲಿ ಆ ಅರ್ಥಕ್ಕೆ ಕೆಲಸ ಕಡಿಮೆ. ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಒದಗಿಸುವ ಪೆಟ್ಟಿಗೆ) ಕೆಟ್ಟು ಹೀಗೆ ನಿಂತರೂ ‘ಆರಿತು’ ಅನ್ನಲು ಅಡ್ಡಿಯಿಲ್ಲ. ಆದರೆ ಆಗ ತಣ್ಣಗಾದ ಮೇಲೆ ಹತ್ತುತ್ತದೆ ಅನ್ನುವ ಭರವಸೆ ಇಲ್ಲ.

ಉಳಿದದ್ದು ಜುಲೈನ ಕಾಟ. ಯಂತ್ರ ನಿಲ್ಲುತ್ತದೆ, ತಾನೇ ಮತ್ತೆ ಶುರುವಾಗುತ್ತದೆ, ಏನೂ ಆಗಿಲ್ಲ ಅನ್ನುವ ಹಾಗೆ. ವಿಂಡೋಸಿನ ದಿನಚರಿ ಪುಸ್ತಕದಂಥ ಇವೆಂಟ್ ವ್ಯೂವರ್ ತೆರೆದರೆ ‘ಕರ್ನಲ್ ಪವರ್ 41’ ಅಂತಿತ್ತು. ಸರಿಯಾಗಿ ಮುಚ್ಚದೆ ಯಂತ್ರ ಮತ್ತೆ ಶುರುವಾಗಿದೆ, ಅಷ್ಟೇ ಅದರ ಅರ್ಥ. ಕರೆಂಟ್ ಹೋದರೂ ಅದೇ, ನಾವೇ ಬಟನ್ ಒತ್ತಿ ಹಿಡಿದು ನಿಲ್ಲಿಸಿದರೂ ಅದೇ. ಪದದ ಬಡತನ ನಮಗೆ ಮಾತ್ರ ಅಲ್ಲ! ಕೊನೆಗೆ ‘ತಾನಾಗಿ ರೀಸ್ಟಾರ್ಟ್ ಆಗು’ ಅನ್ನುವ ಆಯ್ಕೆಯ ಟಿಕ್ ತೆಗೆದೆ. ಅಲ್ಲಿಯವರೆಗೆ ಕಣ್ಣುಮುಚ್ಚಿ ಬಿಡುವುದರೊಳಗೆ ಓಡಿಹೋಗುತ್ತಿದ್ದ, ತಪ್ಪಿನ ಹೆಸರು ಹೇಳುವ ನೀಲಿ ಪರದೆ ಈಗ ನಿಂತಿತು. ಅದರಲ್ಲಿ ‘ಮೆಮರಿ ಮ್ಯಾನೇಜ್‌ಮೆಂಟ್’ ಅಂತ ಬರೆದಿತ್ತು. ಪ್ಲಗ್ ಕಿತ್ತು, ರ‍್ಯಾಮ್ ಅಂದರೆ ಯಂತ್ರದ ತಾತ್ಕಾಲಿಕ ನೆನಪಿನ ಪಟ್ಟಿ ಹೊರಗೆ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಗಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ರಾತ್ರಿಯಿಡೀ ಆ ನೆನಪನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಬೆಳಿಗ್ಗೆ ಒಂದೂ ತಪ್ಪು ಇರಲಿಲ್ಲ. ಮಳೆಯ ತೇವಕ್ಕೆ ಹಲ್ಲುಗಳ ಮೇಲೆ ಕಿಲುಬು ಕೂತಿರಬೇಕು. ಡಿಸ್ಕ್ ಹಳೆಯದೇ ಓಡುತ್ತಿದೆ.

ಹೀಗೆ ನಿಂತು ತಾನೇ ಮತ್ತೆ ಶುರುವಾಗುವುದಕ್ಕೇ ಪದ ಸಿಗುತ್ತಿಲ್ಲ. ‘ಮುಗ್ಗರಿಸಿತು’ ಅಂದುಕೊಂಡೆ. ಆದರೆ ಮುಗ್ಗರಿಸಿದ ಎತ್ತು ಬೆನ್ನ ಮೇಲಿನ ಹೇರನ್ನು ಬಿಟ್ಟು ಹೋಗುವುದಿಲ್ಲ. ಇದು ಸೇವ್ ಮಾಡದ ಎಲ್ಲವನ್ನೂ ಚೆಲ್ಲಿ, ಹೊಸದಾಗಿ ಹೊರಡುತ್ತದೆ. ‘ಮರುಕಳಿಸಿತು’ ಜ್ವರಕ್ಕೆ. ಹೆಂಡತಿ ‘ಚಕ್ಕರ್ ಬಂದು ಬಿದ್ದು ಎದ್ದಿತು’ ಅನ್ನುತ್ತಾಳೆ. ಸರಿಯೇ, ಆದರೆ ಉದ್ದ.

ಬೆಳಗಾವಿ, ಸೊಲ್ಲಾಪುರದ ಕಡೆಯವರು ಯಾರಾದರೂ ಇದ್ದರೆ ಹೇಳಿ. ಮಗ್ಗವೋ, ಹೊಲದ ಮೋಟಾರೋ ನಡುವೆ ನಿಂತು ತಾನಾಗಿ ಮತ್ತೆ ಶುರುವಾದರೆ ನಿಮ್ಮಲ್ಲಿ ಏನಂತಾರೆ? ಬಿದ್ದು, ಎದ್ದು, ಬಿದ್ದದ್ದನ್ನೇ ಮರೆತ ಮನುಷ್ಯನಿಗಾದರೂ ಒಂದು ಮಾತು ಇರಬೇಕಲ್ಲ?